ಮಂಡಕ್ಕಿ ಭಟ್ಟಿಯ ಕಡಲ್ಗಳ್ಳ

ರೈಲ್ವೆ ಗೇಟಿನ ಬಾಡಿಗೆ ಪುಸ್ತಕದಂಗಡಿ,
ದಿನಕ್ಕೆ ಎಂಟಾಣೆ. ರಟ್ಟು ಹರಿದಿತ್ತು,
ರಟ್ಟಿನ ಮೇಲಿನ ಕತ್ತಿ ಮಾತ್ರ ಹರಿದಿರಲಿಲ್ಲ.
ಅಷ್ಟು ಸಾಕಾಯಿತು ನನಗೆ, ಒಂಬತ್ತನೇ ಕ್ಲಾಸು.
ದುಪಟ್ಟಾದೊಳಗೆ ಬಚ್ಚಿಟ್ಟು ತಂದೆ
ಅಮ್ಮಿ ಜರಡಿ ಹಿಡಿಯುವ ಭಟ್ಟಿಗೆ.

ಕಾದ ಮರಳಿಗೆ ಉಪ್ಪುಂಡ ಅಕ್ಕಿ ಬಿದ್ದರೆ
ಚಟಚಟ ಚಟಚಟ, ನೂರು ತುಪಾಕಿ ಒಟ್ಟಿಗೆ.
ಮರಳಿತ್ತು, ಉಪ್ಪಿತ್ತು, ಹೊಗೆಯಂತೂ ಬೇಕಾದಷ್ಟು.
ದಾವಣಗೆರೆಯಲ್ಲಿ ಇಲ್ಲದ್ದು ನೀರೊಂದೇ;
ಕೆರೆ ಊರಿನ ಹೆಸರಲ್ಲಿತ್ತು.

"ಜೋರಾಗಿ ಓದೇ ಯವ್ವ" ಅಂದಳು ಹುಲಿಗೆವ್ವ.
ಓದಿದೆ. ಒಂಟಿಗಿವಿ ದುಲಬಾ,
ಫರಂಗಿಯವರ ಮೆಣಸಿನ ಹಡಗಿಗೆ ಹಗ್ಗ ಬೀಸಿ,
ಕತ್ತಿಯನ್ನು ಹಲ್ಲಲ್ಲಿ ಕಚ್ಚಿ
ಜಿಗಿದ.
ಯಾರೂ ಉಸಿರಾಡಲಿಲ್ಲ.
ಒಂದು ಬಾಣಲೆ ಅಕ್ಕಿ ಸೀದು ಹೋಯಿತು.
ಸೇಟು ಅದನ್ನು ಎಲ್ಲರ ಕೂಲಿಯಲ್ಲಿ ಮುರಿದುಕೊಂಡ.
ಮರುದಿನ ಎಲ್ಲರೂ ಸ್ವಲ್ಪ ಬೇಗ ಬಂದರು.

ಅವರು ಕೇಳಿದ್ದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ.
ಹಡಗಲ್ಲಿ ರೊಟ್ಟಿ ಬಡಿಯೋರು ಯಾರು?
ತೂಫಾನಿನಲ್ಲಿ ಒಲೆ ಆರಲ್ವಾ?
ಲೂಟಿ ಮೆಣಸು ಯಾವ ಮಂಡಿಗೆ ಹಾಕ್ತಾರೆ, ದಲಾಲಿ ಎಷ್ಟು?
ಬೆಂಕಿಗೆ ಹೊಟ್ಟು ನೂಕುವ ಚಾಂದ್‌ಪೀರನದು ಒಂದೇ ಪ್ರಶ್ನೆ:
"ಅವ್ರಿಗೆ ವಾರದ ಬಟವಾಡೆನಾ, ಲೂಟೀಲಿ ಪಾಲಾ?"
ಪಾಲು, ಅಂದೆ. ಸಮಪಾಲು. ಪುಟ ಅರವತ್ತೊಂದು.
ಅವನು ಸಲಿಕೆ ಊರಿ ನಿಂತ.
ಬಹಳ ಹೊತ್ತು ನಿಂತ.

ನಿಧಿ ಸಿಕ್ಕ ಅಧ್ಯಾಯ ನನಗೇ ಮರೆತಿದೆ ಈಗ.
ಖಾಸಿಂಬಿ ಮಾತ್ರ ಒಂದು ಸಾಲು ಕಿತ್ತುಕೊಂಡಿದ್ದಳು:
ದುಲಬಾ ಯಾರನ್ನೂ ಕೇಳದೆ ಲಂಗರು ಎತ್ತಿದ.
ಸೇಟು ಬೈದರೆ, ಸಿಟಿ ಬಸ್ಸು ತಪ್ಪಿದರೆ,
ಅಳಿಯ ಮತ್ತೆ ಮಗಳ ಮೇಲೆ ಕೈ ಮಾಡಿದ ರಾತ್ರಿ
ಅವಳ ಬಾಗಿಲಿಗೇ ಹೋಗಿ ನಿಂತು:
"ಲಂಗರು ಎತ್ತೇ, ನಡಿ."

ಹದಿನೇಳನೇ ಅಧ್ಯಾಯದಲ್ಲಿ ಅವನನ್ನು ಗಲ್ಲಿಗೇರಿಸುತ್ತಾರೆ.
ಮನೆಯಲ್ಲಿ ಮೊದಲೇ ಓದಿ, ಚಿಮಣಿ ಆರಿಸಿ,
ಗೋಡೆ ಕಡೆ ತಿರುಗಿ ಅತ್ತಿದ್ದೆ.
ಭಟ್ಟಿಯಲ್ಲಿ ಅದೇ ಪುಟ ತೆರೆದು
ಕುಣಿಕೆ ಬಿಚ್ಚಿದೆ.
ಬಂಡೆಗಳ ಸಂದಿಯಿಂದ ಒಂದು ದೋಣಿ ತಂದೆ,
ಗವರ್ನರನ ಗರಿ ಟೊಪ್ಪಿಯನ್ನು ನೀರಿಗೆ ಹಾರಿಸಿದೆ.
ಹುಲಿಗೆವ್ವ ಸಿಳ್ಳೆ ಹೊಡೆದಳು, ಅರವತ್ತರ ಹೆಂಗಸು.

ಎಲ್ಲರೂ ಕೈಕಾಲಿನ ಬೂದಿ ತೊಳೆಯಲು ಹೋದಾಗ
ಹೆಬ್ಬೆಟ್ಟಿನ ಖಾಸಿಂಬಿ ಹತ್ತಿರ ಬಂದಳು.
"ನಿನ್ನೆ ತನಕ ನಿನ್ನ ಕಣ್ಣು ಓಡ್ತಿತ್ತು ಬೇಟೀ.
ಇವತ್ತು ಕಣ್ಣು ನಿಂತಿತ್ತು, ಬಾಯಿ ಓಡ್ತಿತ್ತು.
ಹಾಳೇನೂ ಮಗುಚಲಿಲ್ಲ."
ನಾನು ಒಲೆ ನೋಡುತ್ತ ನಿಂತೆ.
"ಸತ್ತನಾ?"
ಹೂಂ.
ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೂ ಇರಬಹುದು.
"ಚಾಂದ್‌ಪೀರನಿಗೆ ಹೇಳಬೇಡ.
ನಾಳೆ ಎಲ್ಲಿಗೆ ಹೋಗ್ತಾನೆ ಇವನು?"

ಮೂರು ರೂಪಾಯಿ ದಂಡ ಕೊಟ್ಟು ಪುಸ್ತಕ ವಾಪಸು ಮಾಡಿದೆ,
ದುಲಬಾನನ್ನು ಮಾಡಲಿಲ್ಲ.
ಭೂಗೋಳದ ನೋಟ್ಸು ತೆರೆದು, ಎರಡು ತಿಂಗಳು
ಅದರಿಂದ ಓದಿದೆ ಕಡಲನ್ನು.
ಎಲ್ಲರ ಒತ್ತಾಯಕ್ಕೆ ಒಮ್ಮೆ ಅವನ ಹಡಗು
ಹರಿಹರದ ಸೇತುವೆಯ ಕೆಳಗೂ ಬಂತು.
ಬೇಸಿಗೆ. ಹೊಳೆಯಲ್ಲಿ ನೀರು ಸಾಲದೆ
ಇಡೀ ಭಟ್ಟಿಯವರು ಇಳಿದು ಹಗ್ಗ ಹಿಡಿದು ಎಳೆದೆವು.

ಕತೆಯ ಅಮಲಿನಲ್ಲಿ ನಾನು ಮೈಮರೆತಾಗ
ಜರಡಿಯ ಅಂಚಿಗೆ ಖಾಸಿಂಬಿ
ಎರಡು ಸಲ ಮೆಲ್ಲಗೆ ಬಡಿಯುತ್ತಿದ್ದಳು:
ಹಾಳೆ ಮಗುಚು.