ಕಲ್ಲಿನ ದಿಂಬು

ನಮ್ಮಪ್ಪ ಪಿಂಜಾರರ ದಾದಾಪೀರ.
ಹತ್ತಿ ಹಿಂಜುತ್ತಾನೆ, ದಿಂಬು ಹೊಲಿಯುತ್ತಾನೆ,
ಹಿರಿಯೂರಿಂದ ಲೂನಾದ ಮೇಲೆ ಹೇರಿಕೊಂಡು
ಹಳ್ಳಿಹಳ್ಳಿಗೆ ಒಯ್ದು ಮಾರುತ್ತಾನೆ.
ಹತ್ತಿಯಲ್ಲಿ ಉಳಿದ ಕಾಳು ಆರಿಸುವುದು ನನ್ನ ಕೆಲಸ.
ರಜೆ ಬಂದರೆ ಲೂನಾದ ಮೇಲೆ ನಾನೂ ಒಂದು ದಿಂಬು.
ಗುಂಡಿ ಸಿಕ್ಕರೆ ಅಪ್ಪನಿಗೆ ಸೊಂಟನೋವು,
ನನಗೆ ಮಾತ್ರ ಉಯ್ಯಾಲೆ.

ಐಮಂಗಲದ ದಾರಿ, ಮರಡಿಹಳ್ಳಿಯ ಹತ್ತಿರ
ರೊಟ್ಟಿಗಂಟು ಬಿಚ್ಚಲೆಂದು ನಿಂತೆವು.
ಅಲ್ಲೊಂದು ದಿಬ್ಬ. ದಿಬ್ಬದ ತುಂಬ
ಒಂದರ ಮೇಲೊಂದು ಒಟ್ಟಿದ ದಿಂಬು!
ಉಬ್ಬಿದ್ದು, ಜಜ್ಜಿದ್ದು, ಅಡ್ಡ ಬಿದ್ದದ್ದು,
ಹಸಿರೋ ಬೂದಿಯೋ ತಿಳಿಯದ ಬಣ್ಣದ್ದು.
ಓಡಿಹೋಗಿ ಒಂದಕ್ಕೆ ತಲೆ ಕೊಟ್ಟೆ.
ಠಣ್!
ಕಲ್ಲು.

"ಯಾರಪ್ಪಾ ಹೊಲಿದವರು?
ಯಾವ ಪ್ರಾಣಿ ಮಲಗಿತ್ತು ಇಲ್ಲಿ? ಡೈನೋಸಾರಾ?"

ಕುರಿ ಬಿಟ್ಟುಕೊಂಡು ಬಂದಿದ್ದ ಚಿತ್ತಯ್ಯ ತಾತ
ಕಂಬಳಿಯೊಳಗೇ ನಕ್ಕ.
ಸುತ್ತಿಗೆ ಹಿಡಿದು ಬರುವ ಕಾಲೇಜಿನವರ ಮಾತು
ಕೇಳಿ ಕೇಳಿ ಅವನಿಗೆ ಬಾಯಿಪಾಠ.

"ಮಲಗಾಕೆ ಯಾರಿದ್ರು ಮಗಾ?
ನೀ ನಿಂತಿರೋ ಜಾಗ ಸಮುದ್ರದ ತಳ.
ತಳ ಬಿರಿದು, ಕರಗಿದ ಕಲ್ಲು ಉಕ್ಕಿ ಬಂತು,
ಗಂಜಿ ಉಕ್ಕಿದಂಗೆ.
ತಣ್ಣೀರು ತಾಗಿದ್ದೇ ತಡ, ಮೇಲೆ ತೊಗಲು ಕಟ್ತು.
ಒಳಗಿನ್ನೂ ಕೆಂಡ! ಸುಮ್ಕಿರ್ತದಾ?
ತೊಗಲು ಸೀಳಿ ಆಚೆ ಬಂತು,
ಇನ್ನೊಂದು ಗುಂಡು, ಅದರ ಪಕ್ಕ ಮತ್ತೊಂದು."

ಅಪ್ಪ ಕಲ್ಲನ್ನು ಅಮುಕಿ ನೋಡಿದ,
ಗಿರಾಕಿಯ ಹಾಗೆ, ಎರಡು ಕಡೆಯಿಂದ.
"ಗೊತ್ತಾಯ್ತು ಬಿಡು. ಬಾಯಿ ಹೊಲಿಯದೆ ಬಿಟ್ಟ ದಿಂಬು.
ಹತ್ತಿ ಆಚೆ ಬಂದೇ ಬರ್ತದೆ."

ಮೀನಿರಲಿಲ್ಲವಂತೆ ಆ ಸಮುದ್ರದಲ್ಲಿ.
ಏಡಿ ಇಲ್ಲ, ಕಪ್ಪೆ ಇಲ್ಲ,
ನೋಡಲು ಎಲ್ಲೂ ಒಂದು ಕಣ್ಣಿಲ್ಲ.
ದಡದ ಕಡೆ ಬರೀ ಲೋಳೆ ಪಾಚಿ
ಬಿಸಿಲು ಕುಡಿದು ಗುಳ್ಳೆ ಬಿಡುತ್ತಿತ್ತು.
ಆ ಗುಳ್ಳೆಯೇ ಕೂಡಿ ಕೂಡಿ
ಈಗ ನಾನು ಎಳೆದುಕೊಂಡ ಉಸಿರು.

"ಎಷ್ಟು ವರ್ಷ ಆಯ್ತು?"
"ಇನ್ನೂರೈವತ್ತು ಕೋಟಿ ಅಂತಾರಪ್ಪ."
ಕೋಟಿ ನನಗೆ ಹಿಡಿಯಲಿಲ್ಲ.
ಅಪ್ಪ ನನ್ನ ಜೇಬಿನ ಹತ್ತಿಕಾಳು ತೆಗೆದು
ಒಂಬತ್ತು ಎಣಿಸಿ ಅಂಗೈಗಿಟ್ಟ.
"ವರ್ಷಕ್ಕೊಂದು ಕಾಳು. ಇದು ನೀನು.
ಇದು," ಎಂದು ದಿಬ್ಬದತ್ತ ಕೈ ಚಾಚಿ,
ಮನಸ್ಸಲ್ಲೇ ತೂಕ ಹಾಕಿ,
"ಇಪ್ಪತ್ತೈದು ಲಾರಿ ಲೋಡು."

ಡೈನೋಸಾರ್ ಬಂದದ್ದೂ ಹೋದದ್ದೂ
ಕೊನೆಯ ಮೂರು ಲಾರಿಯೊಳಗೆ.
ಅಷ್ಟರಲ್ಲಿ ಸಮುದ್ರ ಸರಿದಿತ್ತು,
ಗುಡ್ಡ ಎದ್ದಿತ್ತು, ಸವೆದಿತ್ತು.
ಕೊನೆಯ ಚೀಲದಲ್ಲಿ ಎರಡೂವರೆ ಕಿಲೋ ಉಳಿದಾಗ
ದೂರ ಹಿಮಾಲಯದಲ್ಲಿ ಮಂಜು ಹೆಪ್ಪುಗಟ್ಟಿ
ನಮ್ಮ ದೇಶದ ಬಯಲೆಲ್ಲ ಒಣಹುಲ್ಲು.
ಆ ಹುಲ್ಲಲ್ಲಿ ಉಷ್ಟ್ರಪಕ್ಷಿ ಓಡುತ್ತಿತ್ತು, ದಿಟ!
ತೊಟ್ಟಿಲಗಲ ಕೊಂಬಿನ ಕಾಡೆತ್ತು ಮೇಯುತ್ತಿತ್ತು,
ನರ್ಮದೆಯ ಮಡುವಲ್ಲಿ ನೀರಾನೆ ಆಕಳಿಸುತ್ತಿತ್ತು.
ಮನುಷ್ಯರೂ ಇದ್ದರು, ಕಲ್ಲು ಕೆತ್ತುತ್ತ,
ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು ಕೊರೆದು
ಮಣಿಸರ ಮಾಡಿ ಮಕ್ಕಳ ಕೊರಳಿಗೆ ಹಾಕುತ್ತ.

"ಈಗ ಯಾವುದೂ ಇಲ್ವಾ ತಾತ?"
"ಐತೆ. ಜಗಳೂರ ಕಡೆ ಕಾಡಲ್ಲಿ ಕೊಂಡುಕುರಿ,
ತಲೆ ಮೇಲೆ ನಾಕು ಕೊಂಬು.
ಅದರ ವಂಶ ನಮ್ಮ ವಂಶಕ್ಕಿಂತ ಹಳೇದು.
ನೋಡಿದ್ರೆ ನಿಲ್ಲಲ್ಲ, ನಾಚಿಕೆ ಜಾಸ್ತಿ."

ಐಮಂಗಲದಲ್ಲಿ ಒಬ್ಬಾಕೆ
ನಮ್ಮ ದಿಂಬು ಅಮುಕಿ ಮೂಗು ಮುರಿದಳು:
"ಏನಪ್ಪ, ಕಲ್ಲಿದ್ದಂಗೈತೆ!"
ಅಪ್ಪ ನನ್ನ ನೋಡಿದ. ನಾನು ಅಪ್ಪನ ನೋಡಿದೆ.
ನಕ್ಕೂ ನಕ್ಕೂ ವ್ಯಾಪಾರವೇ ಕೆಟ್ಟಿತು.

ಮನೆಗೆ ಬಂದು ಜೇಬು ತೆಗೆದರೆ
ಎಂಟೇ ಕಾಳು.
ಯಾವ ಗುಂಡಿಯಲ್ಲಿ ಬಿತ್ತೋ ನನ್ನ ಒಂದು ವರ್ಷ.
ಮಳೆ ಬಿದ್ದರೆ ಅದು ಮೊಳೆತರೂ ಮೊಳೆಯಬಹುದು.