ಐಸು ಎಷ್ಟು ದೂರ ಬಂದೀತು

ಬೋಟುಗಳೆಲ್ಲ ದಕ್ಕೆಗೆ ಬಂದು
ಒಂದರ ಹೆಗಲಿಗೊಂದು ಒರಗಿ ನಿಂತ ಮೇಲೆ
ನಮಗೆ ಎರಡು ತಿಂಗಳು ರಜೆ.
ಸರಕಾರ ಅದನ್ನು ಕೊಟ್ಟದ್ದು ಮೀನಿಗೆ, ನಮಗಲ್ಲ.
ಆದರೂ ಸಿಕ್ಕಿದ್ದನ್ನು ಬಿಡುವುದುಂಟಾ?

ಮಲ್ಪೆ, ಐಸ್ ಪ್ಲಾಂಟಿನ ಹಿಂದಿನ ಜಗಲಿ.
ಬಲೆ ಕಂಪನಿಯ ಹಳೇ ಕ್ಯಾಲೆಂಡರ್ ಬೋರಲು ಹಾಕಿ
ಅದರ ಬೆನ್ನಿಗೆ ದಾರಿ ಬರೆಯುತ್ತಿದ್ದೇನೆ:
ಹೆಬ್ರಿ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ,
ಚಿತ್ರದುರ್ಗದಲ್ಲಿ ಮಲಗುವುದು,
ಬಳ್ಳಾರಿಯಲ್ಲಿ ಡೀಸೆಲ್,
ಗುಂತಕಲ್, ಗುತ್ತಿ, ತಾಡಿಪತ್ರಿ.
ಅಲ್ಲಿಂದ ಮುಂದಿನ ಹೆಸರುಗಳು ನಾಲಗೆಗೆ ಹೊಸತು,
ಪೆನ್ಸಿಲ್ ತಾನಾಗಿ ನಿಧಾನವಾಗುತ್ತದೆ.
ಕೊನೆಗೊಂದು ಸೊನ್ನೆ. ಗಂಡಿಕೋಟ.

ಹಾಳೆ ಮಗುಚಿದರೆ ಅದೇ ಚಿತ್ರ:
ಕೆಂಪು ಕಲ್ಲಿನ ಎರಡು ಗೋಡೆ,
ನಡುವೆ ಪಾಚಿ ಬಣ್ಣದ ಒಂದು ಗೆರೆ ನೀರು.
ಸುಗಂಧಿ ಮೊದಲ ಸಲ ಇದನ್ನು ನೋಡಿದ್ದು ಅಂಜಲ್ ಕೊಯ್ಯುತ್ತ.
ಕತ್ತಿ ನಿಲ್ಲಿಸಿ ಕೇಳಿದ್ದಳು,
"ಇದನ್ನು ಕೊಯ್ದದ್ದು ಯಾರು ಮಾರಾಯ್ತಿ, ಇಷ್ಟು ನೀಟಾಗಿ?"
ನೀರು ಅಂದೆ.
ನಗಲಿಲ್ಲ.
ಮೂವತ್ತೊಂದು ವರ್ಷ ಮೀನು ಕೊಯ್ದ ಬೆರಳು
ಚಿತ್ರದ ಮೇಲೆ ಕಿವಿರಿನಿಂದ ಬಾಲದವರೆಗೆ ಎಳೆಯಿತು.
"ನೋಡಬೇಕಲ್ಲ" ಅಂದಳು. ಅಷ್ಟೇ.

ಗಾಡಿ ನನ್ನದೇ, ಮೀನು ಸಾಗಿಸುವ ಟೆಂಪೊ.
ಹುಣಸೆಹುಳಿ ಹಾಕಿ ತೊಳೆದೆವು, ಲಿಂಬೆಸಿಪ್ಪೆ ಉಜ್ಜಿದೆವು,
ಕೊನೆಗೆ ಫಿನಾಯಿಲು.
ಈಗ ಫಿನಾಯಿಲು ಕುಡಿದ ಬೂತಾಯಿಯ ವಾಸನೆ.
ಬಳ್ಳಾರಿಯ ಬೆಕ್ಕುಗಳು ಮೆರವಣಿಗೆ ಬರುತ್ತವೆ. ಬರಲಿ.

ಬೆನೆಡಿಕ್ಟಾ ನರ್ಸು, ಲೆಕ್ಕ ಅವಳದ್ದು:
ತಲೆಗೆ ದಿನಕ್ಕೆ ಆರು ಲೀಟರು, ಮೂರು ತಲೆ, ನಾಲ್ಕು ದಿನ.
"ಜೂನಿನಲ್ಲಿ ಅಲ್ಲಿರುವುದು ಸೆಖೆಯಲ್ಲ ವಾರಿಜಕ್ಕ, ಬೆಂಕಿ.
ಮನುಷ್ಯರು ಅಲ್ಲಿಗೆ ಹೋಗುವುದು ಚಳಿಗಾಲದಲ್ಲಿ."
ಚಳಿಗಾಲದಲ್ಲಿ ಮನುಷ್ಯರಿಗೆ ಬಂಗುಡೆ ಬೇಕಲ್ಲ,
ಆಗ ನಮ್ಮನ್ನು ಬಿಡುವವರು ಯಾರು?
ಪೆನ್ಸಿಲ್ ಕಸಿದು ದಪ್ಪ ಅಕ್ಷರದಲ್ಲಿ ಬರೆದಳು:
ನಡೆಯುವುದು ಬೆಳಿಗ್ಗೆ ಐದರಿಂದ ಎಂಟು.
ಆಮೇಲೆ ನೆರಳು. ಚರ್ಚೆ ಇಲ್ಲ.

ಸಂಜೆ ಪಡುಕೆರೆಯ ಮರಳಲ್ಲಿ
ಐದೈದು ಕಿಲೊ ಕುಚ್ಚಲಕ್ಕಿ ಬೆನ್ನಿಗೆ ಕಟ್ಟಿ ನಡೆಯುತ್ತೇವೆ.
ಕ್ರಿಕೆಟ್ ಆಡುವ ಹುಡುಗರು ಕೇಳುತ್ತಾರೆ,
ಅಕ್ಕಿ ಎಲ್ಲಿಗೆ, ಅಕ್ಕ?
ಕಾಪುವಿನ ದೀಪಸ್ತಂಭ ಎರಡು ಸಲ ಹತ್ತಿ ಇಳಿದೆವು,
ಮೂರನೆಯದಕ್ಕೆ ಮತ್ತೆ ಟಿಕೆಟ್ ಅಂದ.
ನನ್ನ ಎಡಮೊಣಕಾಲು ಹತ್ತುವಾಗ ಸುಮ್ಮನಿರುತ್ತದೆ,
ಇಳಿಯುವಾಗ ಮಾತಾಡುತ್ತದೆ.
ಗುಡ್ಡವಾದರೆ ಮೊದಲು ಕಷ್ಟ, ಆಮೇಲೆ ಮನೆ.
ಕಣಿವೆ ಹಾಗಲ್ಲ.
ನಗುತ್ತ ಇಳಿಸಿಕೊಳ್ಳುತ್ತದೆ,
ಬಿಸಿಲೇರಿದ ಮೇಲೆ ಬಾಕಿ ವಸೂಲಿ.
ಮೊಣಕಾಲಿನ ವಿಷಯ ಬೆನೆಡಿಕ್ಟಾಗೆ ಹೇಳಲಿಲ್ಲ.

ಸುಗಂಧಿಯದ್ದು ಒಂದೇ ಹಟ: ಐಸು ಕೊಂಡುಹೋಗುವ.
ಕರಗಿದಷ್ಟು ಕುಡಿಯುವ, ಉಳಿದದ್ದು ತಲೆಗೆ.
ನಾನು ಐಸನ್ನು ಬ್ಲಾಕಿನಲ್ಲಿ ಎಣಿಸಿದವಳು,
ದಾಹದಲ್ಲಿ ಎಣಿಸಿ ಗೊತ್ತಿಲ್ಲ.
ಕುಡಿಯುವ ನೀರಿನದ್ದೇ ಒಂದು ಬ್ಲಾಕ್ ಬೇರೆ ಹಾಕಿಸಿ
ಮರದ ಹುಡಿ, ಗೋಣಿ, ಮೇಲೊಂದು ಟಾರ್ಪಲು ಸುತ್ತಿ
ಇವತ್ತು ಬೆಳಿಗ್ಗೆ ಆರಕ್ಕೆ
ನಿಂತ ಟೆಂಪೊದಲ್ಲೇ ಹೊರಡಿಸಿದ್ದೇವೆ.
ಏಳೂಕಾಲು: ಹೆಬ್ರಿ. ಗಟ್ಟಿ ಉಂಟು.
ಎಂಟೂವರೆ: ಆಗುಂಬೆ. ಮೂಲೆ ಉರುಟಾಗಿದೆ.
ಗಾಡಿಯ ತೂತಿನ ಕೆಳಗೆ ಬಕೆಟು,
ಅದರ ಪಕ್ಕ ಮೂವರೂ ಕುಕ್ಕರಗಾಲಲ್ಲಿ,
ಟಪ್, ಟಪ್.

ಹತ್ತೂವರೆಗೆ ಪಡುವಣ ಕಪ್ಪಾಯಿತು.
ವರ್ಷದ ಮೊದಲ ಮಳೆ,
ಹೇಳದೆ ಕೇಳದೆ, ಶೀಟಿನ ಮೇಲೆ, ಟಾರ್ಪಲಿನ ಮೇಲೆ,
ಜಗಲಿಗೆ ನುಗ್ಗಿ ತಾಡಿಪತ್ರಿಯ ತನಕ ದಾರಿಯೆಲ್ಲ ಒದ್ದೆ.
ಬಕೆಟು ತುಂಬುತ್ತಿದೆ,
ಅದರಲ್ಲಿ ನಮ್ಮ ಹನಿ ಯಾವುದು?
"ಪರೀಕ್ಷೆ ಹಾಳಾಯಿತು" ಎಂದು ಬೆನೆಡಿಕ್ಟಾ ಛತ್ರಿ ಹುಡುಕಿದಳು.

ಸುಗಂಧಿ ಆಗಲೇ ಟಾರ್ಪಲಿನೊಳಗೆ ಅರ್ಧ ಹೊಕ್ಕಾಗಿತ್ತು.
ಹೊರಗೆ ಕಾಣುವುದು ಎರಡು ಹಿಮ್ಮಡಿ.
ಒಳಗಿಂದ ಕೂಗು:
"ಉಂಟು, ಇನ್ನೂ ಉಂಟು!
ಬರೆ ವಾರಿಜಕ್ಕ, ಶಿವಮೊಗ್ಗ ದಾಟಿತು!"