ದಿನಕ್ಕೆ ನಾಲ್ಕು ಗೆಲುವು

ಶಿಡ್ಲಘಟ್ಟದ ನಮ್ಮ ಟಾಕೀಸಿನಲ್ಲಿ
ಆ ಹುಡುಗಿ ದಿನಕ್ಕೆ ನಾಲ್ಕು ಸಲ ಗೆಲ್ಲುತ್ತಾಳೆ.
ಹನ್ನೆರಡೂಮುಕ್ಕಾಲಿಗೆ ಒಮ್ಮೆ,
ಸಂಜೆ ಟೀ ಆರುವ ಹೊತ್ತಿಗೆ ಇನ್ನೊಮ್ಮೆ,
ಕೊನೆಯದು ನಡುರಾತ್ರಿ,
ಬೆಂಚಿನ ಅರ್ಧ ಜನ ನಿದ್ದೆ ಹೋದ ಮೇಲೆ.

ಟಿಕೆಟ್ ಹರಿಯುವವನಿಗೆ ಕತೆ ಯಾಕೆ?
ಅರ್ಧ ಅವರಿಗೆ, ಅರ್ಧ ಡಬ್ಬಕ್ಕೆ.
ಆದರೂ ಕೊನೆಯ ಹದಿನೈದು ನಿಮಿಷ
ಸ್ಟೂಲು ಬಿಟ್ಟು ಒಳಗೆ ಹೋಗುತ್ತೇನೆ,
ಪರದೆ ಪಕ್ಕದ ಬಾಗಿಲಲ್ಲಿ
ಆಟಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೇನೆ.
ನನಗೆ ಮುಖಗಳು ಬೇಕು.

ಗೂಡಿನ ರೇಟು ಏರಿತೆಂದು ಬೆಳಗಿಂದ
ಹೆಂಡತಿಯ ಮೇಲೆ ಹರಿಹಾಯ್ದ ರೀಲರ್ ಮಸ್ತಾನ್
ಈಗ ಅವಳ ಮುಂಗೈ ಹಿಡಿದಿದ್ದಾನೆ, ಅವನಿಗೇ ಗೊತ್ತಿಲ್ಲ.
ಬಿಸಿನೀರಲ್ಲಿ ಎಳೆ ಹುಡುಕಿ ಬೆಂದ ಬೆರಳು
ಮುಬೀನಾಳದು, ಬಾಯಿಗೆ ಅಡ್ಡ.
ಮಗ ಸೀಟಿನ ಮೇಲೆ ನಿಂತಿದ್ದಾನೆ. ಬೈಯುವವರಿಲ್ಲ.
ಮುಂದಿನ ಸಾಲಲ್ಲಿ ಪಿಳ್ಳಮ್ಮ,
ಇದು ಮೂರನೇ ಸಲ,
ಪ್ರತಿಸಲವೂ ಬೇರೆ ಮೊಮ್ಮಗನ ನೆಪ.

ಎಲ್ಲರಿಗೂ ಗೊತ್ತು.
ಪೋಸ್ಟರಿನಲ್ಲೇ ಕಪ್ ಎತ್ತಿ ನಗುತ್ತಿದ್ದಾಳಲ್ಲ!
ಕುಡುಕ ಕೋಚು ಕುಡಿತ ಬಿಡುತ್ತಾನೆ,
ಮುನಿಸಿಕೊಂಡ ಅಪ್ಪ ಕೊನೆಗಳಿಗೆಯಲ್ಲಿ
ಗೇಟಿನ ಹತ್ತಿರ ಬಂದು ನಿಲ್ಲುತ್ತಾನೆ,
ಮಳೆ ಬರುತ್ತದೆ, ಬರಲೇಬೇಕು.
ಗೊತ್ತಿದ್ದೂ ಉಸಿರು ಹಿಡಿಯುತ್ತಾರೆ,
ಸೆರಗು ಮುಚ್ಚಿ ತೆಗೆದರೆ ಕೂಸು
ಪ್ರತಿಸಲ ಹೊಸದಾಗಿ ನಗುವ ಹಾಗೆ.

ಮೊನ್ನೆ ಶನಿವಾರ, ಫಸ್ಟ್ ಶೋ.
ಇನ್ನು ನಲವತ್ತೇ ಸೆಕೆಂಡು.
ಎದುರು ತಂಡದವಳು ಒಬ್ಬಳೇ ಉಳಿದಿದ್ದಾಳೆ.
ನಮ್ಮ ಹುಡುಗಿ ಅಂಕಣದ ನಡುವೆ ಕುಕ್ಕರಗಾಲಲ್ಲಿ ಕೂತು
ಬೆನ್ನಿಗೊಂದು ಕೈ ಬೀಳಲೆಂದು ಕಾಯುತ್ತಿದ್ದಾಳೆ

ಕರೆಂಟು ಹೋಯಿತು.

ಜನರೇಟರಿಗೆ ಡೀಸೆಲ್ ಇರಲಿಲ್ಲ.
ಒಬ್ಬರೂ ಏಳಲಿಲ್ಲ.
ಕಡಲೆಕಾಯಿ ಸಿಪ್ಪೆ ಮುರಿದ ಸದ್ದು ಕೂಡ ಇಲ್ಲ.
'ಅಜ್ಜೀ, ಅವಳು ಸೋತೋದ್ಲಾ?'
'ಇಲ್ಲ ಕಣೋ, ಗೆಲ್ತಾಳೆ. ಕರೆಂಟ್ ಬರ್ಲಿ.'

ಆಗ ಹಿಂದಿನ ಸಾಲಿಂದ ಯಾರೋ ಕೂಗಿದರು:
'ಖೋ!'
ಪಕ್ಕದಿಂದ ಇನ್ನೊಂದು. ಬಾಲ್ಕನಿಯಿಂದ ಮತ್ತೊಂದು.
ಕತ್ತಲಲ್ಲಿ ಒಬ್ಬರ ಬೆನ್ನಿಂದ ಇನ್ನೊಬ್ಬರ ಬೆನ್ನಿಗೆ
ದಾಟುತ್ತ ದಾಟುತ್ತ ಬಾಗಿಲತನಕ ಬಂತು.
ನಾನು ಯಾವಾಗ ಪರದೆಯತ್ತ ತಿರುಗಿದ್ದೆನೋ,
ನನ್ನ ಬೆನ್ನಿಗೂ ಬಿತ್ತು ಯಾರದೋ ಕೈ.
ಎಲ್ಲಿಗೆ ಓಡುವುದೆಂದು ತಿಳಿಯದೆ
ಒಂದು ಹೆಜ್ಜೆ ಇಟ್ಟೆ.

ಮನೆಯಲ್ಲಿ ಭಾನುಶ್ರೀ ಇದ್ದಾಳೆ,
ಚಿಕ್ಕಬಳ್ಳಾಪುರದ ಸ್ಟೇಡಿಯಮ್ಮಿನಲ್ಲಿ
ಒಂದು ಪಾಯಿಂಟಿಗೆ ಸೋತು ಬಂದವಳು.
ಅಲ್ಲಿ ಮಳೆ ಬರಲಿಲ್ಲ.
ಗೇಟಿನ ಹತ್ತಿರ ನಾನೂ ಇರಲಿಲ್ಲ,
ಮ್ಯಾಟಿನಿಗೆ ಟಿಕೆಟ್ ಹರಿಯುತ್ತಿದ್ದೆ.

ಮಾರನೇ ದಿನ ಅವಳನ್ನು ಕರೆತಂದೆ, ಬಿಟ್ಟಿ ಸೀಟಿಗೆ.
ಪರದೆಯವಳು ಗೆದ್ದಳು, ಗಂಟೆ ನೋಡಿಕೊಂಡವಳ ಹಾಗೆ.
'ಅಪ್ಪಾ, ಅದು ಫೌಲು.
ಕಂಬ ಮುಟ್ಟದೆ ತಿರುಗಿದ್ಲು.'
ವೇಲಿನ ತುದಿಯಲ್ಲಿ ಮೂಗು ಒರೆಸುತ್ತಿದ್ದಳು.
'ಮತ್ತೆ ಅಳೋದ್ಯಾಕೆ?'
'ಸುಮ್ನೆ.'

ಬುಧವಾರ ಗೌರಿಬಿದನೂರಲ್ಲಿ ಮ್ಯಾಚಂತೆ, ಹತ್ತೂವರೆಗೆ.
ಮಾರ್ನಿಂಗ್ ಶೋ ಟೈಮು.
ಪಿಳ್ಳಮ್ಮನ ದೊಡ್ಡ ಮೊಮ್ಮಗನಿಗೆ ಹೇಳಿಟ್ಟಿದ್ದೇನೆ:
ಹರಿಯೋದು ಏನು ಕಷ್ಟವಲ್ಲಪ್ಪ,
ಅರ್ಧ ಅವರಿಗೆ,
ಅರ್ಧ ಡಬ್ಬಕ್ಕೆ.